ಫರ್ನೇಸ್ ಕೈಕೊಟ್ಟರೆ ರಿಪೇರಿಯೋ, ಹೊಸದೋ, ಹೀಟ್ ಪಂಪೋ?

ಊರಲ್ಲಿ ಗೀಸರ್ ಕೆಟ್ಟರೆ, ಬೋರ್‌ವೆಲ್ ಮೋಟಾರ್ ಸುಟ್ಟರೆ ಯಾರನ್ನು ಕರೆಯಬೇಕು, ಸುಮಾರು ಎಷ್ಟಾಗಬಹುದು ಅಂತ ಮನೆಯಲ್ಲಿ ಯಾರಿಗಾದರೂ ಗೊತ್ತಿರುತ್ತದೆ. ಅಮೆರಿಕ, ಕೆನಡಾದಲ್ಲಿ ಮನೆ ಕೊಂಡ ನಮ್ಮವರಿಗೆ ಫರ್ನೇಸ್, ಅಂದರೆ ಚಳಿಗಾಲದಲ್ಲಿ ಮನೆಯನ್ನು ಬಿಸಿಯಾಗಿಡುವ ಯಂತ್ರದ ವಿಷಯದಲ್ಲಿ ಆ ಅನುಕೂಲ ಇಲ್ಲ. ಅಪ್ಪನಿಗೆ ಫೋನ್ ಮಾಡಿ ಕೇಳೋಣ ಅಂದರೆ ಅವರು ಈ ಯಂತ್ರವನ್ನು ನೋಡಿಯೇ ಇಲ್ಲ. ಹಾಗಾಗಿ ಡಿಸೆಂಬರ್ ರಾತ್ರಿ ಬೇಸ್‌ಮೆಂಟಿನಲ್ಲಿ ನಿಂತ ಟೆಕ್ನಿಷಿಯನ್ "ರಿಪೇರಿಗೆ 900 ಡಾಲರ್, ಹೊಸದಕ್ಕೆ 7,500" ಅಂದಾಗ ನಾವು ಬೆಪ್ಪಾಗಿ ನಿಲ್ಲುತ್ತೇವೆ. ಮಿಚಿಗನ್, ಇಲಿನಾಯ್, ನ್ಯೂ ಜೆರ್ಸಿ, ಟೊರಾಂಟೊ ಕಡೆಯ ಪರಿಚಯದವರಿಂದ ಚಳಿಗಾಲ ಶುರುವಾದರೆ ಸಾಕು, ಇದೇ ಪ್ರಶ್ನೆ ಬರುತ್ತದೆ. ಯಾವುದು ಆರಿಸಲಿ?

ಆ 900 ಅನ್ನೋ ಅಂಕಿಯೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಅದೇ 900 ಒಂದು ಮನೆಗೆ ಒಳ್ಳೆಯ ಖರ್ಚು, ಇನ್ನೊಂದು ಮನೆಗೆ ದಂಡ. ಮತ್ತೆ, ನಡುಗುತ್ತಾ ನಿಂತ ರಾತ್ರಿ ಹೊಸ ಫರ್ನೇಸಿಗೆ ಸಹಿ ಹಾಕಬೇಡಿ. ಆ ರಾತ್ರಿ ಕಳೆಯೋದು ಒಂದು ಕೆಲಸ, ಮುಂದಿನ 15 ವರ್ಷದ ಯಂತ್ರ ಆರಿಸೋದು ಬೇರೆಯದೇ ಕೆಲಸ.

ಮೊದಲು ಇವನ್ನು ತಿಳಿದುಕೊಳ್ಳಿ

ಎಲ್ಲಕ್ಕಿಂತ ಮೊದಲು ವಯಸ್ಸು. ಗ್ಯಾಸ್ ಫರ್ನೇಸ್ ಸಾಮಾನ್ಯವಾಗಿ 15ರಿಂದ 20 ವರ್ಷ ಬಾಳುತ್ತದೆ. ಮುಂದಿನ ಬಾಗಿಲು ತೆಗೆದರೆ ಒಳಗೆ ಅಂಟಿಸಿದ ಚೀಟಿಯಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಬಹಳಷ್ಟು ಕಂಪನಿಗಳ ನಂಬರಿನಲ್ಲಿ ತಯಾರಾದ ವರ್ಷವೂ ಸೇರಿರುತ್ತದೆ. ಕ್ಯಾರಿಯರ್ ಆದರೆ ಮೊದಲ ಎರಡಂಕಿ ವಾರ, ಮುಂದಿನ ಎರಡಂಕಿ ವರ್ಷ. ಗುಡ್‌ಮನ್ ಆದರೆ ಮೊದಲು ವರ್ಷ, ಆಮೇಲೆ ತಿಂಗಳು. ಈವತ್ತೇ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಎರಡನೆಯದು, ಕೆಟ್ಟಿದ್ದು ಯಾವ ಭಾಗ. ಕೆಲವು ಭಾಗ ಕೆಟ್ಟರೆ ಬರೀ ದುಡ್ಡಿನ ಮಾತು. ಒಂದು ಭಾಗ ಮಾತ್ರ ಜೀವದ ಮಾತು. ಅದನ್ನು ಮುಂದೆ ಹೇಳುತ್ತೇನೆ.

ಮೂರನೆಯದು ವಾರಂಟಿ. ಹೊಸ ಫರ್ನೇಸಿನ ಬಿಡಿಭಾಗಗಳಿಗೆ ಸಾಮಾನ್ಯವಾಗಿ 10 ವರ್ಷ ವಾರಂಟಿ ಇರುತ್ತದೆ. ಆದರೆ ಹಾಕಿಸಿದ 60 ಅಥವಾ 90 ದಿನದೊಳಗೆ ಕಂಪನಿಯ ವೆಬ್‌ಸೈಟಿನಲ್ಲಿ ರಿಜಿಸ್ಟರ್ ಮಾಡಿರಬೇಕು. ಮಾಡದಿದ್ದರೆ ಅದು 5 ವರ್ಷಕ್ಕೆ ಇಳಿಯುತ್ತದೆ. ಬೆಂಕಿಯ ಹೊಗೆಯನ್ನು ಮನೆಯ ಗಾಳಿಯಿಂದ ಬೇರೆಯಾಗಿಡುವ ಹೀಟ್ ಎಕ್ಸ್‌ಚೇಂಜರಿಗೆ 20 ವರ್ಷವೋ, ಅದಕ್ಕಿಂತ ಜಾಸ್ತಿಯೋ ಇರುವುದುಂಟು. ಕೆಲಸದ ಕೂಲಿ ಮಾತ್ರ ಮೊದಲ ವರ್ಷ ಕಳೆದ ಮೇಲೆ ಬಹುತೇಕ ನಿಮ್ಮದೇ. ಮನೆ ನಿಮಗೆ ಎರಡನೇ ಕೈಯಲ್ಲಿ ಬಂದಿದ್ದರೆ ವಾರಂಟಿ ಅವಧಿ ಕಡಿಮೆಯಾಗಿರಬಹುದು. ಕಂಪನಿಗೆ ಫೋನ್ ಮಾಡಿ ಸೀರಿಯಲ್ ನಂಬರ್ ಕೊಟ್ಟರೆ ಹೇಳುತ್ತಾರೆ.

ಆಮೇಲೆ, ಈ ಮನೆಯಲ್ಲಿ ಇನ್ನೆಷ್ಟು ವರ್ಷ ಇರುತ್ತೀರಿ? ಎರಡು ವರ್ಷದಲ್ಲಿ ಮಾರುವವರ ಲೆಕ್ಕವೇ ಬೇರೆ, ಮಕ್ಕಳು ಹೈಸ್ಕೂಲ್ ಮುಗಿಸೋವರೆಗೂ ಇರುವವರ ಲೆಕ್ಕವೇ ಬೇರೆ. ಕೊನೆಯದಾಗಿ ನಿಮ್ಮ ಊರಿನ ಗ್ಯಾಸ್ ದರ, ಕರೆಂಟ್ ದರ. ಗ್ಯಾಸ್ ಬದಲು ಕರೆಂಟಿನಿಂದ ಮನೆ ಬಿಸಿ ಮಾಡುವ ಹೀಟ್ ಪಂಪ್ ಬೇಕೋ ಬೇಡವೋ ಅನ್ನೋದನ್ನು ಹೆಚ್ಚುಕಡಿಮೆ ಈ ಎರಡು ದರಗಳೇ ಹೇಳಿಬಿಡುತ್ತವೆ.

ಫೋನ್ ಮಾಡುವ ಮುಂಚೆ ಐದು ನಿಮಿಷ

ಟೆಕ್ನಿಷಿಯನ್ ಮನೆಗೆ ಬಂದು ನೋಡೋದಕ್ಕೇ 100ರಿಂದ 200 ಡಾಲರ್ ಆಗುತ್ತದೆ. ರಾತ್ರಿ, ಭಾನುವಾರ, ಕ್ರಿಸ್‌ಮಸ್ ದಿನ ಆದರೆ ಒಂದೂವರೆಯಿಂದ ಎರಡು ಪಟ್ಟು. ಆದ್ದರಿಂದ ಮೊದಲು ಮನೆ ಎಷ್ಟು ಬಿಸಿ ಇರಬೇಕು ಅಂತ ಹೊಂದಿಸುವ ಥರ್ಮೋಸ್ಟಾಟಿನ ಬ್ಯಾಟರಿ ನೋಡಿ. ಫರ್ನೇಸ್ ಪಕ್ಕ ಲೈಟಿನ ಸ್ವಿಚ್ಚಿನಂಥದ್ದೇ ಒಂದು ಸ್ವಿಚ್ ಇರುತ್ತದೆ. ಬೇಸ್‌ಮೆಂಟಿಗೆ ಹೋದ ಮಕ್ಕಳೋ ನೆಂಟರೋ ಅದನ್ನು ಆರಿಸಿರುತ್ತಾರೆ. ಬಾಗಿಲು ಸರಿಯಾಗಿ ಕೂತಿರದಿದ್ದರೂ ಯಂತ್ರ ಶುರುವಾಗುವುದಿಲ್ಲ. ಗೋಡೆಯಿಂದ ಹೊರಗೆ ಬಂದ ಬಿಳಿ ಪಿವಿಸಿ ಪೈಪಿನ ಬಾಯಿಗೆ ಹಿಮ ತುಂಬಿದ್ದರೂ ಅಷ್ಟೇ.

ಫಿಲ್ಟರ್ ಅಂತೂ ನೋಡಲೇಬೇಕು. ನಮ್ಮ ಮನೆಗಳಲ್ಲಿ ಒಗ್ಗರಣೆ, ಕರಿಯೋದು, ಊದುಬತ್ತಿ ಎಲ್ಲವೂ ಇರುತ್ತದೆ. ಅಡುಗೆಮನೆಯ ಫ್ಯಾನ್ ಎಷ್ಟೋ ಮನೆಗಳಲ್ಲಿ ಹೊಗೆಯನ್ನು ಹೊರಗೆ ಹಾಕದೆ ಅಲ್ಲೇ ಸುತ್ತಿಸುತ್ತದೆ. ಹಾಗಾಗಿ ಒಂದು ಇಂಚಿನ ಫಿಲ್ಟರನ್ನು ಮೂರು ತಿಂಗಳವರೆಗೆ ಬಿಡಬೇಡಿ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ನೋಡಿ, ಕಪ್ಪಾಗಿದ್ದರೆ ಬದಲಿಸಿ. ಗಾಳಿ ಕಟ್ಟಿದರೆ ಫರ್ನೇಸ್ ಮಿತಿಮೀರಿ ಬಿಸಿಯಾಗಿ ತಾನೇ ನಿಲ್ಲುತ್ತದೆ. ಮೇಲಿಂದ ಮೇಲೆ ಹೀಗಾದರೆ ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಡುವ ದಿನ ಹತ್ತಿರ ಬರುತ್ತದೆ. ಹತ್ತು ಡಾಲರಿನ ಫಿಲ್ಟರ್ ಉಳಿಸಲು ಹೋಗಿ ಸಾವಿರಗಳು ಹೋಗೋದು ಇಲ್ಲೇ.

ಇನ್ನೊಂದು ಮಾತು. ಕಂಟ್ರೋಲ್ ಬೋರ್ಡಿನ ಮೇಲೆ ಪುಟ್ಟ ದೀಪ ಮಿಣುಕುತ್ತಿರುತ್ತದೆ. ಎಷ್ಟು ಸಲ ಮಿಣುಕಿದರೆ ಏನು ತೊಂದರೆ ಅಂತ ಬಾಗಿಲಿನ ಒಳಗೇ ಬರೆದಿರುತ್ತದೆ. ಅದನ್ನು ವಿಡಿಯೋ ಮಾಡಿಟ್ಟುಕೊಂಡರೆ ಟೆಕ್ನಿಷಿಯನ್ ಜತೆ ಮಾತಾಡುವಾಗ ನಿಮಗೂ ಒಂದು ಹಿಡಿತ ಇರುತ್ತದೆ.

ರಿಪೇರಿ

ಇಲ್ಲಿ ಕೊಟ್ಟಿರುವ ದರಗಳು ಅಮೆರಿಕದಲ್ಲಿ ಸಾಮಾನ್ಯವಾಗಿ ಕೇಳಿಬರುವಂಥವು. ನ್ಯೂ ಜೆರ್ಸಿಯಲ್ಲಿ ಮೇಲಿನ ತುದಿ, ಒಹಾಯೊದ ಸಣ್ಣ ಊರಲ್ಲಿ ಕೆಳಗಿನ ತುದಿ ಅಂತ ಇಟ್ಟುಕೊಳ್ಳಿ.

ಫರ್ನೇಸ್ ಹೊತ್ತಿಕೊಂಡು ಕೆಲವೇ ಸೆಕೆಂಡಿನಲ್ಲಿ ಆರುತ್ತಿದೆ, ಮತ್ತೆ ಪ್ರಯತ್ನಿಸಿ ಮತ್ತೆ ಆರುತ್ತಿದೆ ಅಂದರೆ ಬಹಳ ಸಲ ಅದು ಫ್ಲೇಮ್ ಸೆನ್ಸರ್. ಬೆಂಕಿ ಹತ್ತಿದೆಯೋ ಇಲ್ಲವೋ ಅಂತ ಹೇಳುವ ಸಣ್ಣ ಕಡ್ಡಿ ಅದು. ಅದರ ಮೇಲೆ ಪದರ ಕಟ್ಟಿದರೆ ಬೆಂಕಿ ಇದ್ದರೂ ಇಲ್ಲ ಅಂತ ತಿಳಿದು ಗ್ಯಾಸ್ ನಿಲ್ಲಿಸುತ್ತದೆ. ಉಜ್ಜಿ ಸ್ವಚ್ಛ ಮಾಡಿದರೆ ಸಾಕು, 100ರಿಂದ 250 ಡಾಲರಿನಲ್ಲಿ ಮುಗಿಯುತ್ತದೆ. ಹೊತ್ತಿಕೊಳ್ಳುವುದೇ ಇಲ್ಲ ಅಂದರೆ ಇಗ್ನೈಟರ್ ಇರಬಹುದು. 150ರಿಂದ 400. ಹೊಗೆ ಸರಿಯಾಗಿ ಹೊರಗೆ ಹೋಗುತ್ತಿದೆಯೇ ಅಂತ ನೋಡುವ ಪ್ರೆಷರ್ ಸ್ವಿಚ್ ಕೆಟ್ಟಿದೆ ಅಂದರೆ ಸ್ವಲ್ಪ ತಡೆದು ಕೇಳಿ. ಎಷ್ಟೋ ಸಲ ಸ್ವಿಚ್ ಸರಿಯಾಗೇ ಇರುತ್ತದೆ, ನೀರು ಹೋಗುವ ಪೈಪೋ ಗಾಳಿ ಪೈಪೋ ಕಟ್ಟಿರುತ್ತದೆ.

ಇದರ ಮೇಲಿನ ಹಂತ ಮೋಟಾರು, ಬೋರ್ಡುಗಳದ್ದು. ಹೊಗೆ ತಳ್ಳುವ ಇಂಡ್ಯೂಸರ್ ಮೋಟಾರಿಗೆ 400ರಿಂದ 1,200. ಮನೆಗೆ ಗಾಳಿ ಕಳಿಸುವ ಬ್ಲೋವರ್ ಮೋಟಾರಿಗೆ 400ರಿಂದ 1,500, ವೇಗ ಬದಲಿಸುವ ಹೊಸ ಬಗೆಯದಾದರೆ ಇನ್ನೂ ಮೇಲಕ್ಕೆ ಹೋಗಬಹುದು. ಕಂಟ್ರೋಲ್ ಬೋರ್ಡ್ 300ರಿಂದ 900. ಗ್ಯಾಸ್ ವಾಲ್ವ್ 300ರಿಂದ 1,000.

ಅಂತರ್ಜಾಲದಲ್ಲಿ 30 ಡಾಲರಿಗೆ ಸಿಗುವ ಇಗ್ನೈಟರಿಗೆ 300 ತೆಗೆದುಕೊಂಡರು ಅಂತ ಬೇಜಾರು ಮಾಡಿಕೊಳ್ಳುವವರಿದ್ದಾರೆ. ನನಗೆ ಅದು ಮೋಸ ಅನ್ನಿಸುವುದಿಲ್ಲ. ಲೈಸೆನ್ಸ್, ವಿಮೆ, ವ್ಯಾನ್, ವ್ಯಾನಿನಲ್ಲಿ ಸದಾ ಇಟ್ಟುಕೊಂಡಿರುವ ಬಿಡಿಭಾಗ, ಎಲ್ಲದರ ಖರ್ಚೂ ಅದರಲ್ಲಿದೆ. ಕೇಳಬೇಕಾದ್ದು ಬೇರೆ: ಕೆಲಸ ಶುರುಮಾಡುವ ಮುಂಚೆ ಒಟ್ಟು ಮೊತ್ತ ಬರೆದು ಕೊಡುತ್ತೀರಾ? ನೋಡಲು ಬಂದ ಶುಲ್ಕ ಅದರಲ್ಲಿ ಕಳೆಯುತ್ತೀರಾ? ಹಾಕಿದ ಭಾಗಕ್ಕೆ ಎಷ್ಟು ದಿನದ ಗ್ಯಾರಂಟಿ?

ಈ ವೃತ್ತಿಯವರು ಹೇಳುವ ಒಂದು ಸುಲಭ ಲೆಕ್ಕ ಇದೆ. ಫರ್ನೇಸಿನ ವಯಸ್ಸನ್ನು ರಿಪೇರಿ ಖರ್ಚಿನಿಂದ ಗುಣಿಸಿ. 5,000 ದಾಟಿದರೆ ಹೊಸದು, ದಾಟದಿದ್ದರೆ ರಿಪೇರಿ. 8 ವರ್ಷದ್ದಕ್ಕೆ 400 ಅಂದರೆ 3,200. ರಿಪೇರಿ ಮಾಡಿಸಿ. 17 ವರ್ಷದ್ದಕ್ಕೆ 900 ಅಂದರೆ 15,300. ಹೊಸದರ ಬಗ್ಗೆ ಯೋಚಿಸಿ. ಆದರೆ ಇದನ್ನು ಕಣ್ಣುಮುಚ್ಚಿ ನಂಬಬೇಡಿ. 17 ವರ್ಷದ ಯಂತ್ರಕ್ಕೆ 300 ಡಾಲರಿನ ಇಗ್ನೈಟರ್ ಬೇಕಾದಾಗಲೂ ಲೆಕ್ಕ 5,100 ಬರುತ್ತದೆ! 300ಕ್ಕೆ ಒಂದು ಚಳಿಗಾಲ ಸಿಕ್ಕರೂ ಅದು ಒಳ್ಳೆಯ ವ್ಯಾಪಾರ. ಆ ಚಳಿಗಾಲದಲ್ಲಿ ನೀವು ನಿಧಾನವಾಗಿ ಮೂರು ಕಡೆ ಕೊಟೇಶನ್ ತೆಗೆದುಕೊಳ್ಳಬಹುದು. ಏಪ್ರಿಲ್, ಮೇನಲ್ಲಿ ಕಂಪನಿಗಳಿಗೆ ಕೆಲಸ ಕಡಿಮೆ, ನಿಮ್ಮ ಮಾತಿಗೆ ಬೆಲೆ ಜಾಸ್ತಿ.

ನನ್ನ ಪ್ರಕಾರ 10 ವರ್ಷದೊಳಗಿನ ಫರ್ನೇಸಿಗೆ ರಿಪೇರಿಯೇ ಸರಿ. 10ರಿಂದ 15ರ ನಡುವೆ ಇದ್ದರೆ, ಖರ್ಚು 1,000 ದಾಟುವವರೆಗೂ ರಿಪೇರಿ. 15 ದಾಟಿದ ಮೇಲೆ ಸಣ್ಣ ರಿಪೇರಿ ಮಾತ್ರ. ಮೋಟಾರು, ಬೋರ್ಡಿಗೆ ಕೈಹಾಕಬೇಡಿ. ಎರಡು ವರ್ಷದಲ್ಲಿ ಮನೆ ಮಾರುವವರಿಗೆ ಈ ಗೆರೆ ಸ್ವಲ್ಪ ಮುಂದಕ್ಕೆ ಹೋಗಬಹುದು.

ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆ ಅಂದರೆ

ಜೀವದ ಮಾತು ಅಂದೆನಲ್ಲ, ಅದು ಇದು. ಬೆಂಕಿಯ ಹೊಗೆ ಒಂದು ಕಡೆ, ಮನೆಯವರು ಉಸಿರಾಡುವ ಗಾಳಿ ಇನ್ನೊಂದು ಕಡೆ. ನಡುವೆ ಇರುವುದು ಈ ಲೋಹದ ಗೋಡೆ. ಅದು ಬಿರುಕು ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರಬಹುದು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದಿಲ್ಲ.

ಅದೇ ಕಾರಣಕ್ಕೆ, ಹೊಸ ಫರ್ನೇಸ್ ಮಾರಬೇಕು ಅನ್ನುವವರು ಹೆದರಿಸಲು ಹೇಳುವುದೂ ಇದನ್ನೇ. ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬಿರುಕಿನ ಫೋಟೋ ಅಥವಾ ಕ್ಯಾಮೆರಾ ವಿಡಿಯೋ ತೋರಿಸಿ ಅನ್ನಿ. ಕಾರ್ಬನ್ ಮಾನಾಕ್ಸೈಡ್ ಅಳತೆ ಎಷ್ಟು ಬಂತು ಅಂತ ಬರೆಸಿಕೊಳ್ಳಿ. ಬೇರೆ ಕಂಪನಿಯವರನ್ನು ಕರೆಸಿ ಇನ್ನೊಮ್ಮೆ ನೋಡಿಸಿ. ಆದರೆ ಅವರು ಬರುವವರೆಗೂ ಫರ್ನೇಸ್ ಆರಿಸಿರಲಿ. ಸುಳ್ಳು ಹೇಳಿರಬಹುದು ಅಂತ ಅನುಮಾನಪಟ್ಟು ಆ ರಾತ್ರಿ ಮಕ್ಕಳನ್ನು ಮಲಗಿಸಿ ಯಂತ್ರ ಓಡಿಸಬೇಡಿ.

ಬಿರುಕು ನಿಜ ಅಂತಾದರೆ, ಭಾಗ ವಾರಂಟಿಯಲ್ಲಿದ್ದರೂ ಕೂಲಿಯೇ 1,000 ದಾಟುವುದುಂಟು. ವಾರಂಟಿ ಇಲ್ಲದಿದ್ದರೆ 1,500ರಿಂದ 3,500. ಹತ್ತು ವರ್ಷ ದಾಟಿದ ಯಂತ್ರಕ್ಕೆ ಅಷ್ಟು ಹಾಕುವುದು ಬೇಡ. ಮತ್ತೆ, ಮಲಗುವ ಕೋಣೆಗಳ ಹತ್ತಿರ, ಪ್ರತಿ ಮಹಡಿಯಲ್ಲೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ಅದಕ್ಕೂ ಆಯಸ್ಸು ಇದೆ. ಹಿಂಬದಿಯಲ್ಲಿ ಬರೆದ ತಾರೀಕು ನೋಡಿ.

ಹೊಸ ಗ್ಯಾಸ್ ಫರ್ನೇಸ್: 80ರದ್ದೋ, 96ರದ್ದೋ

ಎಎಫ್‌ಯುಇ ಅಂತ ಒಂದು ಅಂಕಿ ಹೇಳುತ್ತಾರೆ. 80 ಅಂದರೆ 100 ಡಾಲರ್ ಗ್ಯಾಸ್ ಉರಿಸಿದಾಗ 80 ಡಾಲರಿನ ಶಾಖ ಮನೆಗೆ ಬರುತ್ತದೆ, 20 ಡಾಲರಿನದು ಚಿಮಣಿಯಲ್ಲಿ ಹೋಗುತ್ತದೆ. 96ರದ್ದರಲ್ಲಿ ಹೋಗುವುದು ನಾಲ್ಕು ಮಾತ್ರ. ಹಾಕಿಸುವುದೂ ಸೇರಿ 80ರದ್ದಕ್ಕೆ ಸುಮಾರು 3,500ರಿಂದ 7,000, 96ರದ್ದಕ್ಕೆ 5,000ದಿಂದ 10,000 ಅಂತ ಇಟ್ಟುಕೊಳ್ಳಿ. ಕೆನಡಾದಲ್ಲಿ ಈ ಗೊಂದಲವೇ ಇಲ್ಲ. 2019ರ ಜುಲೈಯಿಂದ ಅಲ್ಲಿ ಮನೆಗೆ ಹಾಕುವ ಹೊಸ ಗ್ಯಾಸ್ ಫರ್ನೇಸ್ 95ಕ್ಕಿಂತ ಕಡಿಮೆ ಇರುವಂತಿಲ್ಲ.

ಉಳಿತಾಯ ಎಷ್ಟು? ನಿಮ್ಮ ಗ್ಯಾಸ್ ಬಿಲ್ಲಿನಲ್ಲಿ ಥರ್ಮ್ ಅಂತ ಇರುತ್ತದೆ, ಅದು ಗ್ಯಾಸಿನ ಅಳತೆ. ಚಳಿಗಾಲದಲ್ಲಿ ಮನೆ ಬಿಸಿ ಮಾಡಲು 80ರದ್ದರಲ್ಲಿ ವರ್ಷಕ್ಕೆ 800 ಥರ್ಮ್ ಉರಿಯಿತು ಅನ್ನೋಣ. ಅದೇ ಶಾಖಕ್ಕೆ 96ರದ್ದರಲ್ಲಿ 667 ಥರ್ಮ್ ಸಾಕು. 133 ಥರ್ಮ್ ಉಳಿತು. ಥರ್ಮಿಗೆ 1.20 ಡಾಲರ್ ಅಂದರೆ ವರ್ಷಕ್ಕೆ ಸುಮಾರು 160. 96ರದ್ದಕ್ಕೆ 2,000 ಹೆಚ್ಚಿಗೆ ಕೊಟ್ಟಿದ್ದರೆ ಅದು ವಾಪಸ್ ಬರಲು ಹನ್ನೆರಡು ವರ್ಷ ದಾಟುತ್ತದೆ. ಮಿನ್ನೆಸೋಟದ ದೊಡ್ಡ ಮನೆಯಲ್ಲಿ ಬೇಗ ಬರುತ್ತದೆ. ಟೆಕ್ಸಸ್, ಜಾರ್ಜಿಯಾದಲ್ಲಿ ಬರುವುದೇ ಅನುಮಾನ.

ಕೊಟೇಶನ್ನಿನಲ್ಲಿ ಕಾಣದ ಒಂದು ಖರ್ಚಿದೆ. 80ರದ್ದು ಹಳೆ ಚಿಮಣಿಯಲ್ಲಿ ಹೊಗೆ ಬಿಡುತ್ತದೆ. 96ರದ್ದು ಪಿವಿಸಿ ಪೈಪಿನಲ್ಲಿ ಗೋಡೆಯಿಂದ ಹೊರಗೆ ಬಿಡುತ್ತದೆ, ಅದರಿಂದ ಇಳಿಯುವ ನೀರಿಗೆ ಡ್ರೇನ್ ಬೇಕು. ಈಗ ಅದೇ ಚಿಮಣಿಯನ್ನು ಹಂಚಿಕೊಂಡಿದ್ದ ಗ್ಯಾಸ್ ವಾಟರ್ ಹೀಟರ್ ಒಂಟಿಯಾಗುತ್ತದೆ. ಅಷ್ಟು ದೊಡ್ಡ ಚಿಮಣಿಯನ್ನು ಅದರ ಸಣ್ಣ ಹೊಗೆ ಬಿಸಿ ಮಾಡಲಾರದು. ಹೊಗೆ ಮೇಲೆ ಹೋಗದೆ ಮನೆಯೊಳಗೇ ಮರಳಬಹುದು. ಅದಕ್ಕೆ ಚಿಮಣಿಯೊಳಗೆ ಸಣ್ಣ ಲೋಹದ ಕೊಳವೆ ಇಳಿಸಬೇಕಾಗುತ್ತದೆ. "ನನ್ನ ವಾಟರ್ ಹೀಟರ್ ಹೊಗೆಗೆ ಏನು ಮಾಡುತ್ತೀರಿ?" ಅಂತ ಕೇಳಿ. ಉತ್ತರ ತಡವರಿಸಿದರೆ ಆ ಕಂಪನಿ ಬೇಡ. ಟೌನ್‌ಹೌಸಿನವರು ಪೈಪ್ ಹೊರಗೆ ತರಲು ಮನೆ ಮಾಲೀಕರ ಸಂಘದ ಒಪ್ಪಿಗೆ ಬೇಕೇ ಅಂತಲೂ ನೋಡಿ. ಕೆಲವು ಮನೆಗಳಿಗೆ 80ರದ್ದೇ ಗತಿ, ಅದರಲ್ಲಿ ತಪ್ಪೇನಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಫರ್ನೇಸಿನ ಗಾತ್ರ. ಹಳೆಯದು 1,00,000 ಬಿಟಿಯು (ಶಾಖದ ಅಳತೆ) ಇತ್ತು ಅಂತ ಅಷ್ಟೇ ದೊಡ್ಡದನ್ನು ಮತ್ತೆ ಹಾಕುವವರು ಜಾಸ್ತಿ. ಆಮೇಲೆ ಕಿಟಕಿ ಬದಲಾಗಿರುತ್ತದೆ, ಅಟ್ಟಕ್ಕೆ ಇನ್ಸುಲೇಶನ್ ಬಂದಿರುತ್ತದೆ, ಮನೆಗೆ ಅಷ್ಟು ಬೇಕಿರುವುದಿಲ್ಲ. ದೊಡ್ಡದಾದರೆ ಭಗ್ಗನೆ ಬಿಸಿಮಾಡಿ ನಿಲ್ಲುತ್ತದೆ, ಮತ್ತೆ ಹೊತ್ತುತ್ತದೆ. ಮೇಲಿನ ಕೋಣೆ ಸೆಖೆ, ಕೆಳಗಿನದು ಚಳಿ. ಭಾಗಗಳೂ ಬೇಗ ಸವೆಯುತ್ತವೆ. ಮನೆಗೆ ಎಷ್ಟು ಶಾಖ ಬೇಕು ಅಂತ ಮ್ಯಾನ್ಯುಯಲ್ ಜೆ ಅನ್ನೋ ಲೆಕ್ಕ ಮಾಡಿ ಗಾತ್ರ ಹೇಳುವವರನ್ನು ಆರಿಸಿ.

ಹೀಟ್ ಪಂಪ್

ಎಸಿಯನ್ನೇ ಹಿಂದುಮುಂದಾಗಿ ಓಡಿಸಿ ಹೊರಗಿನ ಶಾಖವನ್ನು ಒಳಗೆ ತರುವ ಯಂತ್ರ ಇದು. ಈಗಿನವು ಕೊರೆಯುವ ಚಳಿಯಲ್ಲೂ ಕೆಲಸ ಮಾಡುತ್ತವೆ, ಆದರೆ ಚಳಿ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು ತಿನ್ನುತ್ತವೆ. ಇಡೀ ಮನೆಗೆ 10,000ದಿಂದ 20,000 ಡಾಲರ್ ಆಗಬಹುದು.

ಲೆಕ್ಕ ನೋಡಿ. ಒಂದು ಥರ್ಮ್ ಗ್ಯಾಸ್ 96ರ ಫರ್ನೇಸಿನಲ್ಲಿ ಕೊಡುವ ಶಾಖ ಸುಮಾರು 28 ಯೂನಿಟ್ ಕರೆಂಟಿಗೆ ಸಮ. ಹೀಟ್ ಪಂಪ್ ಚಳಿಗಾಲದ ಸರಾಸರಿಯಲ್ಲಿ ತಿಂದ ಕರೆಂಟಿನ ಎರಡೂವರೆ ಪಟ್ಟು ಶಾಖ ಕೊಟ್ಟರೆ ಅದಕ್ಕೆ 11 ಯೂನಿಟ್ ಚಿಲ್ಲರೆ ಸಾಕು. ಯೂನಿಟ್ಟಿಗೆ 15 ಸೆಂಟ್ ಅಂದರೆ 1.70 ಡಾಲರ್. ಗ್ಯಾಸ್ 1.20. ಅಂದರೆ ಮಿಚಿಗನ್, ಇಲಿನಾಯ್ ಥರದ ಮಧ್ಯ ಪಶ್ಚಿಮದ ರಾಜ್ಯಗಳ ಬಹಳಷ್ಟು ಮನೆಗಳಲ್ಲಿ ಬಿಲ್ ಏರುತ್ತದೆ, ಇಳಿಯುವುದಿಲ್ಲ. ಇದನ್ನು ಮಾರುವವರು ಹೇಳುವುದಿಲ್ಲ. ಆದರೆ ನಿಮ್ಮದು ಪ್ರೊಪೇನ್ ಆದರೆ ಮಾತು ತಿರುಗುತ್ತದೆ. ಗ್ಯಾಲನ್ನಿಗೆ 2.50 ಅಂದರೂ ಅಷ್ಟೇ ಶಾಖಕ್ಕೆ 2.70 ದಾಟುತ್ತದೆ. ಸಿಯಾಟಲ್ ಸುತ್ತಮುತ್ತಲೂ ಹೀಟ್ ಪಂಪೇ ಒಳ್ಳೆಯದು, ಅಲ್ಲಿ ಚಳಿ ಮೃದು, ಜಲವಿದ್ಯುತ್ತಿನಿಂದ ಕರೆಂಟ್ ಅಗ್ಗ.

ನಿಮ್ಮ ಎಸಿಯೂ ಮುದಿಯಾಗಿದ್ದರೆ ನಡುವಿನ ದಾರಿ ಇದೆ. ಎಸಿ ಜಾಗಕ್ಕೆ ಹೀಟ್ ಪಂಪ್, ಜತೆಗೆ ಗ್ಯಾಸ್ ಫರ್ನೇಸ್. ಅಕ್ಟೋಬರ್, ಏಪ್ರಿಲ್‌ನ ಸಣ್ಣ ಚಳಿಗೆ ಪಂಪ್, ಜನವರಿಗೆ ಗ್ಯಾಸ್. ಎರಡು ಯಂತ್ರ ಒಟ್ಟಿಗೆ ಬದಲಿಸುವ ಮನೆಗೆ ನಾನು ಇದನ್ನೇ ಹೇಳುತ್ತೇನೆ. ಅಮೆರಿಕದ ಕೇಂದ್ರ ಸರ್ಕಾರ ಹೀಟ್ ಪಂಪಿಗೆ 2,000 ಡಾಲರ್‌ವರೆಗೆ, ಹೆಚ್ಚು ದಕ್ಷತೆಯ ಫರ್ನೇಸಿಗೆ 600ರವರೆಗೆ ಕೊಡುತ್ತಿದ್ದ ತೆರಿಗೆ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಹಳೆ ಕರಪತ್ರ ತೋರಿಸಿ ಆ ದುಡ್ಡು ಬರುತ್ತದೆ ಅಂದರೆ ನಂಬಬೇಡಿ. ರಾಜ್ಯದ್ದು, ಗ್ಯಾಸ್ ಮತ್ತು ಕರೆಂಟ್ ಕಂಪನಿಯದ್ದು ಬೇರೆ ಇರಬಹುದು. ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್ ಸೇವ್ ಅನ್ನೋ ಯೋಜನೆ ನೋಡಿ.

ಬಾಡಿಗೆ, ಪ್ಲ್ಯಾನ್, ನೆರವು

ಒಂಟಾರಿಯೊದವರಿಗೆ ಫರ್ನೇಸ್ ಬಾಡಿಗೆಗೆ ಕೊಡುವವರೂ ಸಿಗುತ್ತಾರೆ. ತಿಂಗಳಿಗೆ 100 ಡಾಲರ್ ಸಣ್ಣದು ಅನ್ನಿಸುತ್ತದೆ, 10 ವರ್ಷಕ್ಕೆ 12,000. ಮಧ್ಯದಲ್ಲಿ ಮನೆ ಮಾರಿದರೆ ಬಿಡಿಸಿಕೊಳ್ಳಲು ಮತ್ತೆ ದುಡ್ಡು. ಬೇಡ ಅಂತಲೇ ನನ್ನ ಸಲಹೆ. ಮನೆ ಬಾಗಿಲಿಗೆ ತಾವಾಗಿ ಬಂದು ಫರ್ನೇಸ್ ಮಾರುವುದನ್ನು ಅಲ್ಲಿ 2018ರ ಮಾರ್ಚ್ 1ರಿಂದ ನಿಷೇಧಿಸಿದ್ದಾರೆ.

ನ್ಯೂ ಜೆರ್ಸಿಯ ಪಿಎಸ್‌ಇ ಅಂಡ್ ಜಿ ಥರದ ಗ್ಯಾಸ್, ಕರೆಂಟ್ ಕಂಪನಿಗಳು ತಿಂಗಳ ಲೆಕ್ಕದ ರಿಪೇರಿ ಪ್ಲ್ಯಾನ್ ಕೊಡುತ್ತವೆ. ಫರ್ನೇಸ್ 8ರಿಂದ 15 ವರ್ಷದ್ದಾಗಿದ್ದರೆ, ಕೈಯಲ್ಲಿ ತುರ್ತಿನ ದುಡ್ಡು ಇಲ್ಲದಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಹೀಟ್ ಎಕ್ಸ್‌ಚೇಂಜರ್ ಸೇರಿದೆಯಾ ಅಂತ ಓದಿ ನೋಡಿ. ಹೊಸ ಫರ್ನೇಸಿಗೆ ಸುಮ್ನೆ ಕಟ್ಟಬೇಡಿ. ಕೆಲಸ ಹೋಗಿ ವರಮಾನ ಕುಸಿದಿದ್ದರೆ ಲೈಹೀಪ್, ವೆದರೈಸೇಶನ್ ಅಸಿಸ್ಟೆನ್ಸ್ ಅನ್ನೋ ಸರ್ಕಾರಿ ಯೋಜನೆಗಳು ಕೆಲವರಿಗೆ ಫರ್ನೇಸ್ ರಿಪೇರಿಯನ್ನೂ ಮಾಡಿಸಿಕೊಡುತ್ತವೆ. ವೀಸಾದಲ್ಲಿರುವವರು ಅರ್ಹತೆಯನ್ನು ಮೊದಲು ವಿಚಾರಿಸಿ.

ಆ ಒಂದು ರಾತ್ರಿ ಕಳೆಯಲು

ಎರಡು ಸ್ಪೇಸ್ ಹೀಟರ್ ಮನೆಯಲ್ಲಿ ಇಟ್ಟಿರಿ. ಒಂದೊಂದೂ 1,500 ವ್ಯಾಟ್ ಎಳೆಯುತ್ತದೆ. ಒಂದು ಸರ್ಕ್ಯೂಟಿಗೆ ಒಂದೇ ಹಾಕಿ, ನೇರ ಗೋಡೆಯ ಪ್ಲಗ್ಗಿಗೆ, ಎಕ್ಸ್‌ಟೆನ್ಷನ್ ವೈರಿಗೆ ಅಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿ. ಗ್ಯಾಸ್ ಒವನ್ ಬಾಗಿಲು ತೆಗೆದಿಟ್ಟೋ, ಮನೆಯೊಳಗೆ ಇದ್ದಿಲು ಹಚ್ಚಿಯೋ ಬಿಸಿ ಮಾಡುವುದು ಎಂದಿಗೂ ಬೇಡ. ನಲ್ಲಿಗಳಲ್ಲಿ ಸಣ್ಣಗೆ ನೀರು ಬಿಟ್ಟಿರಿ, ಪೈಪ್ ಹೆಪ್ಪುಗಟ್ಟದಿರಲಿ. ಬೆಳಿಗ್ಗೆ ಕರೆಸಿದರೆ ರಾತ್ರಿಯ ಹೆಚ್ಚುವರಿ ಶುಲ್ಕವೂ ಉಳಿಯುತ್ತದೆ. ಹೊರಗೆ ಮೈನಸ್ 20 ಇದ್ದು, ಮನೆಯಲ್ಲಿ ಎಳೆಗೂಸೋ ಊರಿಂದ ಬಂದ ವಯಸ್ಸಾದ ಅಪ್ಪ ಅಮ್ಮನೋ ಇದ್ದರೆ ಹೋಟೆಲಿಗೆ ಹೋಗಿ. ಆ 150 ಡಾಲರ್ ದೊಡ್ಡದಲ್ಲ.

ಡಿಸೆಂಬರಿನಲ್ಲಿ ಒಂದು ತಿಂಗಳು ಊರಿಗೆ ಹೋಗುವವರಿಗೆ ಫರ್ನೇಸ್ ಮುದಿಯಾಗಿದ್ದರೆ ಅಪಾಯ ಇನ್ನೂ ಜಾಸ್ತಿ. ನೀವಿಲ್ಲದಾಗ ಅದು ನಿಂತರೆ ಪೈಪ್ ಒಡೆದು ಮನೆಯೆಲ್ಲ ನೀರಾಗುತ್ತದೆ. ಮನೆ ಬಿಸಿಯಾಗಿಡಲು ನೀವು ಎಚ್ಚರ ವಹಿಸಿರಲಿಲ್ಲ, ನೀರೂ ನಿಲ್ಲಿಸಿರಲಿಲ್ಲ ಅಂತಾದರೆ ವಿಮೆ ಕಂಪನಿ ದುಡ್ಡು ಕೊಡದೇ ಇರಬಹುದು. ನೀರಿನ ಮೇನ್ ವಾಲ್ವ್ ಮುಚ್ಚಿ, ನಲ್ಲಿಗಳನ್ನು ಖಾಲಿ ಮಾಡಿ, ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸದೆ ಹೊರಡಿ. ತಾಪಮಾನ ಇಳಿದರೆ ಫೋನಿಗೆ ಹೇಳುವ ಥರ್ಮೋಸ್ಟಾಟ್ ಇದ್ದರೆ ಇನ್ನೂ ಒಳ್ಳೆಯದು. ಬೀಗದ ಕೈ ಒಬ್ಬ ಸ್ನೇಹಿತರ ಹತ್ತಿರ ಇರಲಿ, ಜತೆಗೆ ನಿಮ್ಮ ಫರ್ನೇಸಿನ ಸೀರಿಯಲ್ ನಂಬರ್ ಫೋಟೋ, ಕರೆಯಬೇಕಾದ ಕಂಪನಿಯ ನಂಬರ್ ಕೂಡ.